ಸ್ಥಳೀಯ ಹೆಸರು

ಎಲೆಗೆ ಹೊಲಿಗೆ ಹಾಕುವಾಗ ದಾರ ಬಿಗಿಯಬಾರದು,
ರವಿಕೆಗೆ ಎಳೆದಂತೆ ಎಳೆದರೆ ತೊಟ್ಟು ಮುರಿಯುತ್ತದೆ.
ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಹನ್ನೊಂದು ವರ್ಷ ರವಿಕೆ ಹೊಲಿದವಳು ನಾನು.
ಈಗ ಕಾಲೇಜಿನ ಒಣಗಿಡಗಳ ಕೋಣೆಯಲ್ಲಿ
ಕೊಂಬೆಗಳನ್ನು ಹಾಳೆಗೆ ಹೊಲಿಯುತ್ತೇನೆ.
ಅಳತೆಗೆ ಯಾರೂ ಬರುವುದಿಲ್ಲ,
ತೋಳು ಬಿಗಿಯಾಯಿತೆಂಬ ತಕರಾರೂ ಇಲ್ಲ.

ನಾಲ್ಕನೇ ಬೀರು, ಕೆಳಗಿನ ಅರೆ.
ದಾರ ಸವೆದು ದುರಸ್ತಿಗೆ ಬಂದ ಹಾಳೆ.
ಐದು ಎಲೆ. ದೋಣಿಯಂತೆ ಬಾಯಿಬಿಟ್ಟ ಒಂದು ಕಾಯಿ,
ಕೆಂಪು ಮಖಮಲ್ಲು ಈಗ ಹಳೇ ಇಟ್ಟಿಗೆಯ ಬಣ್ಣ.
ಮೂಲೆಯಲ್ಲೊಂದು ಪೊಟ್ಟಣ. ಚೀಟಿಯಲ್ಲಿ ಓರೆ ಶಾಯಿ:
ಮಾಕುಟ್ಟ ಘಾಟಿ, ಹೊಳೆಯ ಎಡದಂಡೆ, ಮಾರ್ಚ್ ೧೯೧೧.
ಸಂಗ್ರಹ: ಪಿ. ಹ್ಯಾರೋಬಿ.
ಕಾಡು ಚೆಸ್ಟ್‌ನಟ್. ಆಳುಗಳು ಬೀಜ ಸುಟ್ಟು ತಿನ್ನುತ್ತಾರೆ.
ಏಳು ಬೀಜ ಲಗತ್ತಿಸಿದೆ.

ಎಣಿಸಿದೆ. ಆರಿದ್ದವು.

ಚೆಸ್ಟ್‌ನಟ್ ಅಂದರೇನು ಸಾರ್?
ಅವರೂರಿನ ಕಾಯಿ, ಚಳಿಗಾಲದಲ್ಲಿ
ಬೀದಿಬದಿ ಕೆಂಡದ ಮೇಲೆ ಹುರಿದು ಮಾರುತ್ತಾರಂತೆ.
ಅದಕ್ಕೂ ಇದಕ್ಕೂ ನಂಟಿಲ್ಲ, ಎಂದರು ಮೇಷ್ಟ್ರು,
ಹ್ಯಾರೋಬಿಗೆ ಮನೆ ನೆನಪಾಗಿರಬೇಕು.
ಲ್ಯಾಟಿನ್ನಿನಲ್ಲಿ ಇದರ ಹೆಸರು ಎರಡು ತುಂಡು:
ಮೊದಲನೆಯದು ಗೊಬ್ಬರದ ದೇವರಿನದು, ಹೂವಿನ ನಾತಕ್ಕೆ;
ಎರಡನೆಯದಕ್ಕೆ ಚುಕ್ಕಿ ಬಿದ್ದದ್ದು ಎಂದರ್ಥ.
ಗೊಬ್ಬರ, ಚುಕ್ಕಿ, ಯಾರದೋ ಊರಿನ ಹಸಿವು
ಇಷ್ಟನ್ನು ಹೊದ್ದುಕೊಂಡು ಒಂದು ಮರ
ನುಸಿಗುಳಿಗೆಯ ವಾಸನೆಯಲ್ಲಿ ಮಲಗಿದೆ.

ದೊರೆ ಮರ ಹತ್ತಿರಲಾರ.
ಕೊಂಬೆಯ ಬುಡ ನೋಡಿದೆ: ಕತ್ತಿಯ ಒಂದೇ ಏಟು,
ಬಲದಿಂದ ಎಡಕ್ಕಲ್ಲ, ಎಡದಿಂದ ಬಲಕ್ಕೆ ಇಳಿದದ್ದು.
ಬಟ್ಟೆ ಕತ್ತರಿಸಿದ ಕಣ್ಣಿಗೆ ಅಷ್ಟು ಗೊತ್ತಾಗುತ್ತದೆ.
ಹತ್ತಿದವನು ಎಡಚ.
ಚೀಟಿಯಲ್ಲಿ ಅವನಿಗೆ ಜಾಗವಿಲ್ಲ.

ನಾಚಪ್ಪ ಹಾಳೆಗಳ ಚಿತ್ರ ತೆಗೆದು ಕಂಪ್ಯೂಟರಿಗೆ ಏರಿಸುವ ಹುಡುಗ.
ಸ್ಥಳೀಯ ಹೆಸರು, ಎಂದು ಓದಿ ನಿಲ್ಲಿಸಿದ.
ಪಕ್ಕದಲ್ಲಿ ಕೆಂಪು ನಕ್ಷತ್ರ. ಖಾಲಿ ಬಿಡುವಂತಿಲ್ಲ.
ನೆಲ ಒರೆಸುತ್ತಿದ್ದ ಚೋಮಿಗೆ ಕಾಯಿ ತೋರಿಸಿದೆ.
ಬಗ್ಗಿದವಳು ಬಗ್ಗಿಯೇ ನೋಡಿ,
ಯಾವಾಗಿನ ಹೆಸರು ಬೇಕು ಟೈಲರಮ್ಮ? ಎಂದಳು.
ನಾರು ಸುಲಿಯುವಾಗ ಒಂದು, ಬೀಜ ಉದುರಿದಾಗ ಇನ್ನೊಂದು.
ಹೂ ಬಿಟ್ಟಾಗ ಹೆಸರೇ ಇಲ್ಲ,
ಮೂಗು ಮುಚ್ಚಿ ಆ ಕಡೆ ಕೈ ತೋರಿಸ್ತೀವಿ, ಅಷ್ಟೆ.
ಒಂದನ್ನೇ ಹೇಳಕ್ಕ, ಎಂದ ನಾಚಪ್ಪ.
ಒಂದನ್ನೇ ಹೇಳಿದರೆ ಮಿಕ್ಕದ್ದು ಯಾರ ಮರ?

ಸೋಮವಾರ ಸೆರಗಿನ ಗಂಟಲ್ಲಿ ಬೀಜ ತಂದಳು,
ಮಾಕುಟ್ಟದಲ್ಲಿರುವ ತಂಗಿ ಕೊಟ್ಟದ್ದು.
ಕಪ್ಪಗೆ, ನುಣ್ಣಗೆ, ಕುರಿಮರಿಯ ಕಣ್ಣಿನಂತೆ.
ಬೆಂಕಿ ನಿಷೇಧಿಸಲಾಗಿದೆ ಎಂಬ ಬೋರ್ಡಿನಡಿ
ಗಿಡ ಒಣಗಿಸುವ ಹೀಟರಿನ ತಗಡಿನ ಮೇಲೆ ಹರಡಿದೆವು.
ಚಟ್ ಅಂದಿತು ಒಂದು. ಮೇಷ್ಟ್ರು ಬಾಗಿಲು ಹಾಕಿಕೊಂಡರು.
ಕಡಲೆಕಾಯಿ ಹಾಗಿದೆ, ಎಂದ ಹುಡುಗ.
ಹಲಸಿನ ಬೀಜ, ಎಂದೆ ನಾನು.
ಮೇಷ್ಟ್ರು ಗೋಡಂಬಿಯ ಹೆಸರೆತ್ತಿದರು.
ಹ್ಯಾರೋಬಿಯಂತೆಯೇ ನಾವೂ
ತಿಂದದ್ದನ್ನು ಬಿಟ್ಟು ತಿನ್ನದ್ದನ್ನು ಹುಡುಕುತ್ತಿದ್ದೆವು.
ಚೋಮಿ ಮಾತಾಡದೆ ಇನ್ನೊಂದು ಸುಲಿದಳು.

ಪೊಟ್ಟಣಕ್ಕೊಂದು ಸೇರಿಸಿ ಏಳು ಮಾಡಬಹುದಿತ್ತು.
ಮಾಡಲಿಲ್ಲ.
ಆ ಬೀಜವನ್ನು ಯಾರೋ ತಿಂದಿದ್ದಾರೆ,
ಬಹುಶಃ ಇಳಿದ ಮೇಲೆ, ಎಡಗೈಯಲ್ಲಿ.

ದಾರ ಸಡಿಲವಾಗಿ ಎಳೆದು ಗಂಟು ಹಾಕಿದೆ.
ಯಂತ್ರ ಕಾಯುತ್ತಿತ್ತು. ನಾಚಪ್ಪ ನನ್ನ ಮುಖ ನೋಡಿದ,
ಚೋಮಿಯ ಮುಖ ನೋಡಿದ,
ಆಮೇಲೆ ಆ ಮನೆಯಲ್ಲಿ ಒಂದು ಚುಕ್ಕಿ ಒತ್ತಿದ.
ಅಷ್ಟು ಸಾಕಾಯಿತು ಅದಕ್ಕೆ.
ಮುಂದಿನ ಹಾಳೆ ಕೇಳಿತು.